ಎರಡು ಪುಸ್ತಕದ ಕೂಸು

ಇಳಕಲ್ಲಿನ ಯೋನಪ್ಪನ ಮನೆಯಲ್ಲಿ ಅಪ್ಪ-ಮಗ ಮಾತು ಬಿಟ್ಟು ಏಳು ವಾರವಾಗಿತ್ತು. ಮಾತು ಬಿಟ್ಟಿದ್ದರೇ ಹೊರತು ಜಗಳ ಬಿಟ್ಟಿರಲಿಲ್ಲ. ಜಗಳಕ್ಕೆ ಬಾಯಿ ಬೇಕಲ್ಲ, ಅದಕ್ಕೆ ಸೊಸೆ ರಾಹೇಲವ್ವ ಇದ್ದಳು.

"ರಾಹೇಲಾ, ನಿನ್ನ ಗಂಡಗ ಹೇಳು, ಉಪ್ಪಿನ ಗಡಗಿ ಇತ್ತಾಗ ಸರಸಂತ."

ಉಪ್ಪಿನ ಗಡಿಗೆ ಗಂಡ ಮಾರ್ಕಪ್ಪನ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಮುದುಕ ಕೈ ಚಾಚಿದ್ದರೂ ಸಿಗುತ್ತಿತ್ತು. ಮಾರ್ಕಪ್ಪ ರೊಟ್ಟಿ ಮುರಿಯುತ್ತ ಹೆಂಡತಿಯ ಕಡೆ ನೋಡಿದ. "ನಿಮ್ಮ ಮಾವಗ ಹೇಳು, ಉಪ್ಪು ತಿಂದಾವ ನೀರ ಕುಡೀಬೇಕಾಗ್ತೈತಿ ಅಂತ."

"ಅವಗ ಹೇಳು, ನಾ ಯಾರ ಉಪ್ಪ ತಿಂದೇನಿ ಅವರನ್ನ ಮರಿಯೂ ಪೈಕಿ ಅಲ್ಲಂತ."

ರಾಹೇಲವ್ವ ಎದ್ದು ಗಡಿಗೆಯನ್ನು ಎತ್ತಿ ಮಾವನ ಮುಂದಿಟ್ಟಳು. ಒಲೆಯ ಮೇಲಿನ ರೊಟ್ಟಿ ಅಷ್ಟರಲ್ಲಿ ಕರಕಾಯಿತು. ಕರಕಾದದ್ದನ್ನು ತನಗೆ ತೆಗೆದಿಟ್ಟುಕೊಂಡಳು. ಆ ಮನೆಯಲ್ಲಿ ಕರಕು ರೊಟ್ಟಿ ಯಾರದು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ.

ಜಗಳ ಉಪ್ಪಿನದಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಮಹಾಯುದ್ಧ ಹತ್ತಿ ಎರಡನೆಯ ವರ್ಷ ನಡೆದಿತ್ತು. ಹಳೆಯ ಪಾದ್ರಿದೊರೆ ವೈರಿ ದೇಶದವನೆಂದು ಸರಕಾರದವರು ಬಂದು ಕರೆದುಕೊಂಡು ಹೋದರು. ಹೋಗುವಾಗ ದೊರೆ ದೇವಾಲಯದ ಬೀಗದ ಕೈಯನ್ನೂ ಮನೆಮನೆಯ ಹೆಸರು ಬರೆದಿಡುವ ಸಭೆಯ ಪುಸ್ತಕವನ್ನೂ ಹಿರಿಯನಾದ ಯೋನಪ್ಪನ ಕೈಗೆ ಕೊಟ್ಟ. ಅಂದಿನಿಂದ ಮುದುಕ ಆ ಪುಸ್ತಕವನ್ನು ತಲೆದಿಂಬಿನ ಬದಿಗೇ ಇಟ್ಟುಕೊಂಡು ಮಲಗುತ್ತಿದ್ದ. ಮೂರು ತಿಂಗಳಿಗೊಮ್ಮೆ ಬಾಗಲಕೋಟೆಯಿಂದ ದೇಶೀ ಪಾದ್ರಿ ಅಯ್ಯನವರು ಬಂದು ರೊಟ್ಟಿ-ದ್ರಾಕ್ಷಾರಸದ ಕರ್ತನ ಭೋಜನ ಕೊಟ್ಟು ಹೋಗುತ್ತಿದ್ದರು. ಅಷ್ಟೇ ಸಭೆ ಉಳಿದಿದ್ದದ್ದು.

ಅಷ್ಟರಲ್ಲಿ ಬೇರೊಂದು ಸಂಘದವರು ಬಂದರು. ನೂಲಿನ ಅಂಗಡಿಯ ಹಿಂದಿನ ಕೋಣೆ ಹಿಡಿದು ಆರಾಧನೆ ಶುರುಮಾಡಿದರು. ಕ್ರಿಸ್ತ ಒಬ್ಬನೇ, ಬೈಬಲ್ಲೂ ಒಂದೇ. ಆದರೆ ಹಳೆಯವರು ನಿಂತು ಪ್ರಾರ್ಥನೆ ಮಾಡಿದರೆ ಹೊಸಬರು ಮೊಣಕಾಲೂರುತ್ತಿದ್ದರು. ಹಳೆಯವರು ಎಳೆದೆಳೆದು ಹಾಡುವುದನ್ನು ಹೊಸಬರು ಚುರುಕಾಗಿ ಮುಗಿಸಿಬಿಡುತ್ತಿದ್ದರು. ಊರಲ್ಲಿದ್ದದ್ದು ಹನ್ನೊಂದು ಕ್ರೈಸ್ತರ ಮನೆ. ನಾಲ್ಕು ಮನೆ ಅತ್ತ ಹೋದವು, ಏಳು ಇತ್ತ ಉಳಿದವು, ಎರಡರ ನಡುವೆ ಬೆಂಕಿ-ನೀರೂ ನಿಂತುಹೋಯಿತು. ಅತ್ತ ಹೋದವರಲ್ಲಿ ಮಾರ್ಕಪ್ಪ ಮೊದಲಿಗ. ಹಿರಿಯನ ಸ್ವಂತ ಮಗ!

"ಪಾದ್ರಿ ಇಲ್ಲದ ಸಭಾದಾಗ ಎಷ್ಟ್ ವರ್ಷ ಕುಂದರೂದು? ಸತ್ರ ಮಣ್ಣ ಮಾಡಾಕೂ ಬಾಗಲಕೋಟಿಗೆ ಓಡಬೇಕು," ಎಂದು ಮಗ.

"ದೊರಿ ಸೆರಿಯಾಗ ಅದಾನ. ಅವ ಅಲ್ಲಿ ಕುಂತಿರೂ ಹೊತ್ತಿನಾಗ ನಾವಿಲ್ಲಿ ಮನಿ ಬದ್ಲ ಮಾಡೂದೇನು? ನಾಯಿಗೂ ನಿಯತ್ತಿರ್ತೈತಿ," ಎಂದು ಅಪ್ಪ.

ಅವೇ ಅವರು ನೇರ ಆಡಿದ ಕೊನೆಯ ಮಾತು. ಆಮೇಲೆ ಎಲ್ಲವೂ ರಾಹೇಲವ್ವನ ಮುಖಾಂತರ. ಒಂದೇ ಪಡಸಾಲೆಯಲ್ಲಿ ಎದುರುಬದುರು ಎರಡು ಕುಣಿಮಗ್ಗ. ಇಬ್ಬರೂ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತ ಕೂತರೆ ಮುಖಕ್ಕೆ ಮುಖ. ಸೆರಗಿನ ಹಾಸುನೂಲನ್ನು ಸೀರೆಯ ಮೈಯ ಹಾಸುನೂಲಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಇಬ್ಬರ ಕೈಯ ಕೆಲಸ. ಮೊದಲೆಲ್ಲ ಅಪ್ಪ-ಮಗ ಮಾಡುತ್ತಿದ್ದರು. ಈಗ ಬೆಳಿಗ್ಗೆ ಮಾವನ ಮಗ್ಗಕ್ಕೆ ಅವಳೇ ಕೂರಬೇಕು, ಮಧ್ಯಾಹ್ನ ಗಂಡನ ಮಗ್ಗಕ್ಕೂ ಅವಳೇ. ಮಧ್ಯೆ ನೂಲಿನ ಕಂಡಿಕೆ ಸುತ್ತಬೇಕು, ನೀರು ತರಬೇಕು, ಕೂಸಿಗೆ ಹಾಲು ಕುಡಿಸಬೇಕು. ಒಂದು ಭಾನುವಾರ ಮಾವನ ಜತೆ ದೇವಾಲಯ, ಮರುವಾರ ಗಂಡನ ಜತೆ ನೂಲಿನ ಅಂಗಡಿ. ಅತ್ತೆ ಸತ್ತು ಮೂರು ವರ್ಷ. ಇದ್ದಿದ್ದರೆ ಈ ಗಂಡಸರಿಬ್ಬರ ಕಿವಿ ಹಿಂಡುತ್ತಿದ್ದಳು.

ಈಗ ಎಲ್ಲದಕ್ಕಿಂತ ದೊಡ್ಡ ತಂಟೆ ಕೂಸಿನದು. ಗಂಡುಕೂಸಿಗೆ ನಾಲ್ಕು ತಿಂಗಳು ತುಂಬಿದರೂ ತಲೆಗೆ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನ ಆಗಿರಲಿಲ್ಲ. ಅಜ್ಜನಿಗೆ ಅದು ಹಳೆಯ ದೇವಾಲಯದಲ್ಲಿ ಆಗಬೇಕು. ಅಪ್ಪನಿಗೆ ಹೊಸ ಕೋಣೆಯಲ್ಲಿ ಆಗಬೇಕು. ರಾಹೇಲವ್ವನಿಗೆ ಎಲ್ಲಾದರೂ ಸರಿ, ಆಗಿಬಿಟ್ಟರೆ ಸಾಕಾಗಿತ್ತು. ಅವಳಿಗೆ ಸಿಟ್ಟು ಮಾಡಿಕೊಂಡು ಹೋಗಲು ತವರಿಲ್ಲ. ಕ್ಷಾಮದ ವರ್ಷ ದಾರಿ ಬದಿಯಲ್ಲಿ ಸಿಕ್ಕವಳು, ಮಿಶನ್ನಿನವರ ಕೈಯಲ್ಲಿ ಬೆಳೆದವಳು. ಅಪ್ಪ ಯಾರೋ ಅವ್ವ ಯಾರೋ. ಸಭೆಯೇ ಅವಳ ಬಳಗ. ಕರ್ತನ ಭೋಜನದ ದಿನ ಎಲ್ಲರ ಸಾಲಿನಲ್ಲಿ ನಿಂತು ಎಲ್ಲರೂ ಕುಡಿದ ಬಟ್ಟಲಿಗೆ ಬಾಯಿ ಹಚ್ಚಿದಾಗ ಮಾತ್ರ ತನಗೂ ಜನರಿದ್ದಾರೆ ಎನಿಸುತ್ತಿತ್ತು. ತಪ್ಪು ಮಾಡಿದವರನ್ನು ಹಿಂದಿನ ಬಾಕಿನ, ಅಂದರೆ ಕಡೆಯ ಬೆಂಚಿನ, ಮೇಲೆ ಕೂರಿಸಿ ಆ ಬಟ್ಟಲು ತಪ್ಪಿಸುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದಳು. ಹಸಿವೆಗಿಂತ ಅದಕ್ಕೇ ಅವಳು ಹೆದರುತ್ತಿದ್ದಳು.

ಮಾರ್ಕಪ್ಪ ಸೀರೆಯ ಗಂಟು ಹೊತ್ತು ಬಾಗಲಕೋಟೆಗೆ ಹೋದ ವಾರವೇ ಕೂಸಿಗೆ ಜ್ವರ ಬಂತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡವಾಗಿ ಕಣ್ಣಾಲಿಗಳು ಮೇಲಕ್ಕೆ ಸಿಕ್ಕಿಕೊಂಡವು. ರಾಹೇಲವ್ವ ಚೀರಿದ್ದು ಕೇಳಿ ಪಕ್ಕದ ಮನೆಯ ಗುಲಾಬಬಿ ಓಡಿಬಂದಳು. ನೂಲಿಗೆ ಬಣ್ಣ ಹಾಕುವ ಮನೆಯವಳು, ಮೊಣಕೈತನಕ ಕೆಂಪು.

"ಯಾ ಅಲ್ಲಾ! ಉಳ್ಳಾಗಡ್ಡಿ ಜಜ್ಜಿ ಕೊಡ ಬೇ, ಅಂಗಾಲಿಗೆ ತಿಕ್ಕೂಣು. ನೀ ಅಳಬ್ಯಾಡ. ಅತ್ರ ಹಾಲ ಬತ್ತತಾವ."

ಯೋನಪ್ಪ ಮಗ್ಗದಿಂದ ಎದ್ದು ಬಂದು ಕೂಸನ್ನು ನೋಡಿದ. ಒಳಗೆ ಹೋಗಿ ಹಿತ್ತಾಳೆ ಬಟ್ಟಲಲ್ಲಿ ನೀರು ತಂದ.

"ಮಾವಾರ, ಏನ್ ಮಾಡ್ತೀರಿ?"

"ಸಾಯೂ ಕೂಸಿಗೆ ಹಿರಿಯಾರು ನೀರ ಹಾಕಬಹುದು. ನೇಮದ ಪುಸ್ತಕದಾಗ ಐತಿ."

"ಅವರು ಬರ್ಲಿ ತಡೀರಿ."

"ಅವ ಬರೂದು ನಾಳಿ. ಕೂಸು ನಾಳಿತನಕ ಕಾಯ್ತೈತೇನವಾ?" ಮುದುಕ ಬಟ್ಟಲು ಹಿಡಿದು ಕೂಸಿನ ಬದಿಗೆ ಕೂತ. "ನಂದೂ ಮೊಮ್ಮಗ ಅದು."

ಅವಳು ಆಗ ಗಂಡನನ್ನೂ ಮರೆತಳು, ಸಭೆಯನ್ನೂ ಮರೆತಳು. "ಹಾಕ್ರಿ," ಅಂದಳು.

ಮುದುಕ ಮೂರು ಸಲ ನೀರು ಹಾಕಿ ಗಿದ್ಯೋನ ಎಂದು ಹೆಸರಿಟ್ಟ. ಸಂಜೆಗೆ ಜ್ವರ ಇಳಿಯಿತು. ದೀಕ್ಷಾಸ್ನಾನದಿಂದ ಇಳಿಯಿತೆಂದು ಮುದುಕ, ಉಳ್ಳಾಗಡ್ಡಿಯಿಂದ ಇಳಿಯಿತೆಂದು ಗುಲಾಬಬಿ. ಯೋನಪ್ಪ ಕನ್ನಡಕ ಏರಿಸಿ ಸಭೆಯ ಪುಸ್ತಕದಲ್ಲಿ ತಾರೀಖು ಹಾಕಿ ಬರೆದ. ಬರೆಯುವಾಗ ಅವನ ಮುಖ ಏಳು ವಾರದಲ್ಲಿ ಮೊದಲ ಸಲ ಅರಳಿತ್ತು.

"ಮಾವಾರ, ನಿಮ್ಮ ಕಾಲ ಬೀಳ್ತೇನ್ರಿ. ಇದನ್ನ ಅವರಿಗೆ ನಾನೇ ಹೇಳ್ತೇನಿ. ನೀವು ಯಾರ ಮುಂದೂ ಅನಬ್ಯಾಡ್ರಿ."

"ನಾ ಸುಳ್ಳ ಹೇಳಾವ ಅಲ್ಲ," ಎಂದ ಮುದುಕ. ಪುಸ್ತಕ ಮುಚ್ಚಿ, "ಕೇಳದಿದ್ರ ಹೇಳೂದುಲ್ಲ. ಆತಿಲ್ಲೋ? ಅವನ ಜತಿ ಹ್ಯಾಂಗೂ ನನ್ನ ಮಾತಿಲ್ಲ," ಅಂದ.

ಮರುದಿನ ಮಾರ್ಕಪ್ಪ ಕುಣಿಯುತ್ತಲೇ ಬಂದ. ದಾರಿಯಲ್ಲಿ ಹುನಗುಂದದಲ್ಲಿ ಹೊಸ ಸಂಘದ ಪಾದ್ರಿದೊರೆ ಸಿಕ್ಕಿದ್ದನಂತೆ. ಬರುವ ತಿಂಗಳ ಮೊದಲ ಭಾನುವಾರ ಇಳಕಲ್ಲಿಗೆ ಬಂದು ಕೂಸಿಗೆ ದೀಕ್ಷಾಸ್ನಾನ ಕೊಡುತ್ತೇನೆ ಎಂದನಂತೆ. ಹೆಸರು ಸ್ತೆಫಾನ ಎಂದು ಬರೆಸಿಯೇ ಬಂದಿದ್ದ. ಕೂಸಿಗೊಂದು ಬಿಳಿ ಕುಂಚಿಗೆಯನ್ನೂ ತಂದಿದ್ದ.

"ರೀ, ಒಂದ್ ಮಾತು…"

"ಏನು?"

"ನಿನ್ನಿ ಕೂಸಿಗೆ ಭಾಳ ಜ್ವರ ಬಂದಿತ್ರಿ. ಕಣ್ಣ ಮ್ಯಾಲೆ ಮಾಡಿತ್ತು. ಮಾವಾರು…"

ಮಾರ್ಕಪ್ಪನ ಮುಖ ಬದಲಾಯಿತು. "ಮಾವಾರು ಏನ್ ಮಾಡಿದ್ರು? ನೀರ ಗೀರ ಹಾಕಿದನೇನು? ನೋಡ, ಆ ಮುದಕನ ಕೈ ನನ್ನ ಕೂಸಿನ ತಲಿಗೆ ಹತ್ತಿತ್ತಂದ್ರ, ಮಗ್ಗಾ ಕಿತ್ಗೊಂಡು ಕಮತಗಿಗೆ ಹೋಗಿಬಿಡ್ತೇನಿ. ಕೂಸಿನ್ನ ಕರಕೊಂಡೇ ಹೋಗ್ತೇನಿ. ನೀ ಬೇಕಾದ್ರ ಬಾ, ಬ್ಯಾಡಾದ್ರ ಅವಗ ರೊಟ್ಟಿ ಬಡಕೋಂತ ಇಲ್ಲೇ ಇರು!"

"…ಮಾವಾರು ಪ್ರಾರ್ಥನಾ ಮಾಡಿದ್ರು," ಎಂದಳು ರಾಹೇಲವ್ವ.

"ಪ್ರಾರ್ಥನಾ ಮಾಡ್ಲಿ. ಬಾಯಿಗೇನು ಕಂದಾಯ ಐತೇನು?"

ನಡುವಿನ ಮೂರು ವಾರದಲ್ಲಿ ಅವಳು ಎಷ್ಟು ಸಲ ಬಾಯಿ ತೆರೆದಳೋ. ಪುಂಡಿಪಲ್ಯ ಬಡಿಸುವಾಗ ಒಮ್ಮೆ, ಕೊಂಡಿ ಹಾಕುವಾಗ ಒಮ್ಮೆ, ಹಾಸುನೂಲಿಗೆ ಗಂಜಿ ಬಳಿಯುವಾಗ ಒಮ್ಮೆ. ಗಂಡನ ಮೋರೆ ನೋಡಿದಾಕ್ಷಣ ಮಾತು ಬಿಸಿ ತುಪ್ಪವಾಗುತ್ತಿತ್ತು, ನುಂಗಲೂ ಆಗದು ಉಗುಳಲೂ ಆಗದು. ಬರುವ ಭಾನುವಾರದ ಸುದ್ದಿಯನ್ನು ಮಾವನಿಗೆ ಹೇಳೋಣವೆಂದರೆ ಅವನು ಪುಸ್ತಕ ಹಿಡಿದು ಬೀದಿಗೆ ಬರುವವನು. ಅತ್ತ ದರಿ, ಇತ್ತ ಪುಲಿ. ಕಡೆಗೆ ಹಿತ್ತಲ ಗೋಡೆಯಾಚೆ ನೂಲು ಹಿಂಡುತ್ತಿದ್ದ ಗುಲಾಬಬಿಯ ಮುಂದೆ ಎಲ್ಲ ಹೇಳಿ ಅತ್ತಳು.

"ಅಯ್ಯ, ಇದಕ್ಕ ಅಳತಾರೇನ?" ಎಂದಳು ಗುಲಾಬಬಿ. "ನೀರ ಎರಡ ಸಲ ಬಿದ್ರ ಕೂಸೇನು ಕರಗತೈತೇನು? ನನ್ನ ನೂಲಾ ಎರಡ ಸಲ ಅದ್ದಿದ್ರನ ಬಣ್ಣ ಗಟ್ಟಿ ಕೂಡ್ತೈತಿ."

ಬಣ್ಣದವಳಿಗೆ ದೀಕ್ಷಾಸ್ನಾನದ ಶಾಸ್ತ್ರ ಏನು ಗೊತ್ತು? ರಾಹೇಲವ್ವನಿಗೆ ಗೊತ್ತಿತ್ತು, ಒಮ್ಮೆ ಆದದ್ದು ಒಮ್ಮೆಯೇ, ಮತ್ತೆ ಮಾಡಬಾರದು ಎಂದು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದಳು. ಆದರೆ ಮುಳುಗುವವಳಿಗೆ ಹುಲ್ಲುಕಡ್ಡಿಯೂ ಸಾಕು. ದೇವರ ಹೆಸರು ಎರಡು ಸಲ ಹೇಳಿದರೆ ಯಾವ ದೇವರು ಸಿಟ್ಟಾಗುತ್ತಾನೆ ಎಂದುಕೊಂಡಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗಲಿ, ಇನ್ನೊಮ್ಮೆ ಆಗಿಬಿಡಲಿ ಎಂದು ಗಟ್ಟಿ ಮನಸ್ಸು ಮಾಡಿದಳು.

ಆ ಭಾನುವಾರ ಗಂಡನ ಸರದಿ. ಯೋನಪ್ಪ ಎಂದಿನಂತೆ ಒಬ್ಬನೇ ದೇವಾಲಯಕ್ಕೆ ಹೋದ; ಅತ್ತಲವರ ಸುದ್ದಿ ಇತ್ತಲವರಿಗೆ ಮುಟ್ಟುತ್ತಿರಲಿಲ್ಲ. ನೂಲಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಮನೆಯವರು ಮೊಣಕಾಲೂರಿದ್ದರು. ಪಾದ್ರಿದೊರೆ ಪುಸ್ತಕ ನೋಡಿ ಕಲಿತ ಕನ್ನಡದಲ್ಲಿ ಕೇಳಿದ: "ಈ ಶಿಶುವಿಗೆ ಇದಕ್ಕೆ ಮುಂಚೆ ದೀಕ್ಷಾಸ್ನಾನವಾಗಿರುವುದೋ?"

"ಇಲ್ರಿ ಸಾಹೇಬ್ರ," ಎಂದ ಮಾರ್ಕಪ್ಪ.

ದೊರೆ ತಾಯಿಯ ಕಡೆ ತಿರುಗಿದ. "ತಾಯಿಯೂ ಹೇಳತಕ್ಕದ್ದು."

ಇದು ಅವಳಿಗೆ ಗೊತ್ತಿರಲಿಲ್ಲ. ತನ್ನ ಬಾಯಿಂದ ಕೇಳುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಇಷ್ಟು ದಿನ ಇನ್ನೊಬ್ಬರ ಮಾತನ್ನು ಹೊತ್ತು ತಿರುಗಿದ ಬಾಯಿ ಅದು; ಸ್ವಂತ ಮಾತು ಬೇಕೆಂದಾಗ ಒಣಗಿಹೋಯಿತು. ಮಾರ್ಕಪ್ಪ ಅವಳನ್ನೇ ನೋಡುತ್ತಿದ್ದ.

"ಇಲ್ರಿ," ಅಂದಳು.

ಹಾಗೆ ಗಿದ್ಯೋನ ಸ್ತೆಫಾನನಾದ. ಆಮೇಲೆ ಆ ಮನೆಯಲ್ಲಿ ನಡೆದದ್ದು ನಗಬೇಕಾದ ಸಂಗತಿ, ಆದರೆ ನಗುವವರಿರಲಿಲ್ಲ. ಅಜ್ಜ ತೊಡೆಯ ಮೇಲೆ ಹಾಕಿಕೊಂಡು "ಗಿದ್ಯೋನಾ" ಎಂದರೆ ಕೂಸು ನಗುತ್ತಿತ್ತು. ಅಪ್ಪ "ಸ್ತೆಫಾನಾ" ಎಂದರೂ ನಗುತ್ತಿತ್ತು.

"ಅದೇನ್ ಹೆಸರು ಮುದಕ ಕರಿಯೂದು?" ಎಂದು ಗಂಡ.

"ಮುದ್ದಿಗೆ ಕರೀತಾರ್ರಿ."

"ನಿನ್ನ ಗಂಡ ಯಾಕ ಸ್ತೆಫಾನ ಅಂತಾನ?" ಎಂದು ಮಾವ.

"ಪ್ರೀತಿಲೆ ಅಂತಾರ್ರಿ."

ತಾನು ಮಾತ್ರ ಅವಳು ಕೂಸನ್ನು ಗುಂಡ ಎಂದೇ ಕರೆದಳು. ಒಂದು ಸುಳ್ಳಿಗೆ ನೂರು ಸುಳ್ಳಿನ ಕಾವಲು ಅಂತಾರೆ. ಅವಳ ಲೆಕ್ಕ ನೂರಕ್ಕೆ ಮುಟ್ಟುವ ಮೊದಲೇ ಎರಡು ಸಂಘದ ಹಿರಿಯ ದೊರೆಗಳಿಂದ ಕಾಗದ ಬಂತು. ಯುದ್ಧದ ಕಾಲ, ಪಾದ್ರಿಗಳ ತತ್ವಾರ. ಊರಿಗೆರಡು ಸಭೆ ಬೇಡ, ಇಳಕಲ್ಲಿನ ಹನ್ನೊಂದು ಮನೆಯೂ ಒಂದೇ ಸಭೆಯಾಗತಕ್ಕದ್ದು. ಹಳೆಯ ದೇವಾಲಯ ಇರಲಿ, ಹೊಸ ಪಾದ್ರಿದೊರೆ ಇರಲಿ, ಬಾಗಲಕೋಟೆಯ ಅಯ್ಯನವರೂ ಬರುತ್ತಿರಲಿ. ಹಳೆಯ ದೊರೆ ತಿರುಗಿ ಬಂದರೆ ಅವನಿಗೂ ಜಾಗ ಇರಲಿ. ಇಬ್ಬರಿಗೂ ಅರ್ಧರ್ಧ ಗೆದ್ದ ಸಮಾಧಾನ. ಯೋನಪ್ಪ ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ.

"ನಿನ್ನ ಗಂಡಗ ಹೇಳು, ಶನಿವಾರ ಎರಡೂ ಪುಸ್ತಕ ಕೂಡಸೂದೈತಿ, ಬಾ ಅಂತ."

ಎರಡೂ ಪುಸ್ತಕ! ರಾಹೇಲವ್ವ ಮಜ್ಜಿಗೆಯ ತಂಬಿಗೆಯನ್ನು ಕೆಳಗಿಟ್ಟಳು. ಇನ್ನೂ ಮೂರು ದಿನವಿತ್ತು. ಆ ಮೂರು ದಿನದಲ್ಲಿ ಹೇಳಬಹುದಿತ್ತು. ಅವಳು ಹೇಳಲಿಲ್ಲ, ಕೂಸನ್ನು ಎತ್ತಿಕೊಂಡು ಎಲ್ಲಿಗಾದರೂ ಹೋಗಿಬಿಡಲೇ ಎಂದು ಯೋಚಿಸಿದಳು. ಹುನಗುಂದದ ದಾರಿ, ಬಾದಾಮಿಯ ದಾರಿ, ಎಲ್ಲ ದಾರಿ ನೆನೆದಳು. ಯಾವ ದಾರಿಯ ಕೊನೆಗೂ ಅವಳಿಗೆ ಗೊತ್ತಿದ್ದ ಒಂದು ಮನೆ ಇರಲಿಲ್ಲ.

ಶನಿವಾರ ದೇವಾಲಯದಲ್ಲಿ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟು ಮನೆಮನೆಯ ಹೆಸರು ಓದಿದರು. ಹೊಸ ಸಂಘದ ಪುಸ್ತಕ ಮಾರ್ಕಪ್ಪನ ಕೈಯಲ್ಲಿತ್ತು, ಹಳೆಯದು ಅವನಪ್ಪನ ಕೈಯಲ್ಲಿ.

"ಮಾರ್ಕಪ್ಪ, ಹೆಂಡತಿ ರಾಹೇಲ, ಮಗ ಗಿದ್ಯೋನ," ಎಂದು ಯೋನಪ್ಪ ಓದಿದ.

"ಮಗ ಸ್ತೆಫಾನ," ಎಂದ ಮಾರ್ಕಪ್ಪ.

"ಮಕ್ಕಳು ಇಬ್ಬರೋ?" ಎಂದು ಪಾದ್ರಿದೊರೆ ಕೇಳಿದ.

ಇಬ್ಬರಲ್ಲ. ಎರಡು ತಾರೀಖು ನೋಡಿದರು. ಎಲ್ಲರೂ ಹೆಂಗಸರ ಸಾಲಿನತ್ತ ತಿರುಗಿದರು. ಅಯ್ಯನವರು ಅವಳನ್ನು ಮುಂದೆ ಕರೆದರು.

"ಸಾಯೂ ಕೂಸಂತ ತಿಳದು ನಾ ನೀರ ಹಾಕಿದೆ. ನೇಮದಂಗ ಬರದೇನಿ. ನನ್ನ ಯಾರೂ ಕೇಳ್ಲಿಲ್ಲ," ಎಂದ ಯೋನಪ್ಪ.

"ನನಗ ಗೊತ್ತೇ ಇರ್ಲಿಲ್ರಿ. ಗೊತ್ತಿದ್ರ ನಾ ಯಾಕ ಇಲ್ಲ ಅಂತಿದ್ದೆ?" ಎಂದ ಮಾರ್ಕಪ್ಪ.

ಇಬ್ಬರ ಮಾತೂ ಖರೆಯೇ. ಯಾರ ಮುಂದೂ ಅನಬೇಡಿ ಎಂದು ಅವಳು ಕಾಲಿಗೆ ಬಿದ್ದದ್ದನ್ನು ಮುದುಕ ಹೇಳಲಿಲ್ಲ. ಮಗ್ಗ ಕಿತ್ತುಕೊಂಡು ಹೋಗುತ್ತೇನೆಂದು ಹೆದರಿಸಿದ್ದನ್ನು ಗಂಡ ಹೇಳಲಿಲ್ಲ. ಅವಳು ಮಾವನ ಮುಖ ನೋಡಿದಳು. ಮಾವ ಪುಸ್ತಕ ನೋಡುತ್ತಿದ್ದ. ಗಂಡನ ಮುಖ ನೋಡಿದಳು. ಗಂಡ ಮಾವನನ್ನು ನೋಡುತ್ತಿದ್ದ.

"ನಾ ನೀರ ಹಾಕಿದ್ದು ನೇಮದಂಗೇ ಹೌದಲ್ಲ, ಮಾರ್ಕಾ?" ಎಂದ ಯೋನಪ್ಪ ನೇರವಾಗಿ ಮಗನಿಗೆ.

"ಹೌದಪ್ಪಾ," ಎಂದ ಮಗ. "ಜ್ವರದಾಗ ಮತ್ತೇನ್ ಮಾಡೂದಿತ್ತು ನೀ? ಇಕಿ ಹೇಳಬೇಕಾಗಿತ್ತು."

"ಹೇಳಬೇಕಾಗಿತ್ತು."

ಎಷ್ಟೋ ವಾರದ ಮೇಲೆ ಅಪ್ಪ-ಮಗ ಮಾತಾಡಿದರು! ಸಭೆಯಲ್ಲಿ ಕೆಲವರ ಕಣ್ಣಲ್ಲಿ ನೀರು ಬಂತು. ರಾಹೇಲವ್ವ ಬಾಯಿ ತೆರೆದಳು. ಎಲ್ಲ ಹೇಳಿಬಿಡಲೇ? ಹೇಳಿದರೆ ಈಗಷ್ಟೇ ಕೂಡಿದ ಮನೆ ಇಲ್ಲೇ, ಎಲ್ಲರ ಮುಂದೆಯೇ, ಮತ್ತೆ ಮುರಿಯುತ್ತದೆ. ಮುರಿದರೆ ಕಮತಗಿಗೆ ಹೋಗುವ ಬಂಡಿಯಲ್ಲಿ ಕೂಸೂ ಹೋಗುತ್ತದೆ.

"ತಪ್ಪಾತ್ರಿ," ಅಂದಳು.

ನಿಲ್ಲುವುದೋ ಮೊಣಕಾಲೂರುವುದೋ ಎಂದು ತಿಂಗಳುಗಟ್ಟಲೆ ಗುದ್ದಾಡಿದ ಹಿರಿಯರು ಈ ಒಂದು ವಿಷಯವನ್ನು ಗಳಿಗೆಯಲ್ಲಿ ತೀರ್ಮಾನಿಸಿದರು. ದೇವರ ಮುಂದೆ ಸುಳ್ಳು ಹೇಳಿದ್ದಕ್ಕೆ ಒಂದು ವರ್ಷ ಹಿಂದಿನ ಬಾಕು, ಕರ್ತನ ಭೋಜನ ಇಲ್ಲ. ಯಾರೂ ಎದುರಾಡಲಿಲ್ಲ. ಕೂಸಿನ ಹೆಸರು ಗಿದ್ಯೋನ ಸ್ತೆಫಾನ ಎಂದು ಒಪ್ಪಿದರು. ಒಂದಾದ ಸಭೆಯ ಹೊಸ ಪುಸ್ತಕದಲ್ಲಿ ಬರೆದ ಮೊದಲ ಠರಾವು ಇದೇ.

ಸಂಜೆ ಊಟಕ್ಕೆ ಕೂತಾಗ ಅವಳ ಮುಖಾಂತರ ಒಂದು ಮಾತೂ ಹೋಗಲಿಲ್ಲ. "ಇದರಾಗ ಸ್ವಲ್ಪ ಖಾರದ ಹಿಂಡಿ ಹಾಕ್ಕೊ ಅಪ್ಪಾ," ಎಂದ ಮಗ. "ನಾಳಿ ಕೊಂಡಿ ಹಾಕೂದೈತಿ, ಇಬ್ರೂ ಕೂಡಿ ಮುಗಸೂಣು," ಎಂದ ಅಪ್ಪ. "ನಾಳಿ ಭಾನುವಾರ ಅಲ್ಲೇನಪ್ಪಾ," ಎಂದು ಮಗ ನಕ್ಕ. ಮುದುಕನೂ ನಕ್ಕ. ಅವಳು ಬಡಿಸುತ್ತ ನಿಂತಿದ್ದಳು. ಇದೇ ನಗುವಿಗಾಗಿ ಅವಳು ಎಷ್ಟು ದಿನ ಪ್ರಾರ್ಥನೆ ಮಾಡಿದ್ದಳು! ಈಗ ಅದು ಬಂದಾಗ ಅವಳು ತನ್ನ ಕರಕು ರೊಟ್ಟಿ ತೆಗೆದುಕೊಂಡು ಒಲೆಯ ಬದಿಗೆ ಹೋಗಿ ಕೂತಳು.

ಮರುದಿನ ದೇವಾಲಯ ತುಂಬಿತ್ತು. ಹನ್ನೊಂದು ಮನೆ, ಹಳೆಯ ಹಾಡು ಒಂದು, ಹೊಸ ಹಾಡು ಒಂದು. ಪಾದ್ರಿದೊರೆಯೂ ಅಯ್ಯನವರೂ ಕೂಡಿ ಕರ್ತನ ಭೋಜನ ಕೊಟ್ಟರು. ರಾಹೇಲವ್ವ ಹಿಂದಿನ ಬಾಕಿನ ಮೇಲೆ ಕೂಸನ್ನು ತೊಡೆಯಲ್ಲಿ ಹಾಕಿಕೊಂಡು ಕೂತಿದ್ದಳು. ಆ ಬಾಕಿನ ಮೇಲೆ ಬೇರೆ ಯಾರೂ ಇರಲಿಲ್ಲ. ಯೋನಪ್ಪ ಮುಂದೆ ಹೋದ, ಹಿಂದೆಯೇ ಮಾರ್ಕಪ್ಪ. ಅಪ್ಪ ಕುಡಿದ ಬಟ್ಟಲಿಗೆ ಮಗ ಬಾಯಿ ಹಚ್ಚಿದ. ಆಗಲೇ ಕೂಸು ಅಳತೊಡಗಿತು. ಬಾಗಿಲ ಬಳಿ ನಿಂತಿದ್ದವನು ಹೊರಗೆ ಹೋಗೆಂದು ಕೈ ಮಾಡಿದ.

ಅವಳು ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತು ಕೂಸಿಗೆ ಹಾಲು ಕೊಟ್ಟಳು. ಗುಲಾಬಬಿ ಕೊಡ ಹೊತ್ತು ಆ ದಾರಿಯಿಂದ ಬಂದವಳು ನಿಂತಳು.

"ಯಾಕ ಬೇ, ಹೊರಗ ಕುಂತೀ? ಒಳಗ ಏನ್ ನಡದೈತಿ?"

"ಒಂದಾಗಾಕತ್ತಾರಕ್ಕಾ."

"ಯಾರು?"

"ಎಲ್ಲಾರೂ," ಎಂದಳು ರಾಹೇಲವ್ವ. ಒಳಗೆ ಮತ್ತೊಂದು ಹಾಡು ಶುರುವಾಯಿತು. ಅವಳು ಸೆರಗು ಸರಿಮಾಡಿಕೊಂಡು ಎದ್ದು ಮನೆಯ ದಾರಿ ಹಿಡಿದಳು. ಗಂಡಸರು ಹಸಿದು ಬರುವ ಹೊತ್ತಾಗಿತ್ತು, ಹಿಟ್ಟು ಇನ್ನೂ ಸೋಸಿರಲಿಲ್ಲ.